ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ವಾಹನ ಕೊಳ್ಳುವ ದಿನ ನಾವೆಲ್ಲರೂ ಅದರ ಓಟವನ್ನು ಕುರಿತೇ ವಿಚಾರಿಸುತ್ತೇವೆ. ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ, ಏರುದಾರಿಯಲ್ಲಿ ಎಳೆಯುತ್ತದೆಯೇ, ಮನೆಮಂದಿಯೆಲ್ಲ ಕುಳಿತುಕೊಳ್ಳಬಹುದೇ ಎಂದು ಕೇಳುತ್ತೇವೆ. ಅದು ಹೇಗೆ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಹೂಮಾಲೆ ಹಾಕಿ ಮನೆಗೆ ತಂದ ಮೇಲೆ ವರ್ಷಗಟ್ಟಲೆ ಆ ಪ್ರಶ್ನೆ ನಮ್ಮ ಮನಸ್ಸಿಗೆ ಬರುವುದೇ ಇಲ್ಲ. ಆದರೆ ಓಡದ ವಾಹನದಿಂದ ಆಗುವ ನಷ್ಟ ಒಂದು ದಿನದ್ದು. ನಿಲ್ಲದ ವಾಹನದಿಂದ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಈ ಮಾತನ್ನು ಓದುಗ ಬಂಧುಗಳೊಡನೆ, ಅದರಲ್ಲಿಯೂ ಕಾರು ಇಟ್ಟುಕೊಂಡ ಹಳ್ಳಿಯ ಕುಟುಂಬಗಳೊಡನೆ ಹಂಚಿಕೊಳ್ಳಬೇಕೆಂಬುದು ಈ ಬರಹದ ಉದ್ದೇಶ.

ನಮ್ಮ ಪುರ್ತಗೇರಿ ಗಜೇಂದ್ರಗಡದ ಸಮೀಪದ ಊರು. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡ ಈಗ ತಾನೇ ಒಂದು ತಾಲ್ಲೂಕು. ಒಂದು ಕಡೆ ಗುಡ್ಡದ ಸಾಲು, ಅದರ ಮೇಲೆ ತಿರುಗುವ ಗಾಳಿಯಂತ್ರಗಳು. ಇನ್ನೊಂದು ಕಡೆ ಎರೆಭೂಮಿ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣಿನ ಕೆಸರು. ಸುಗ್ಗಿಯ ದಿನಗಳಲ್ಲಿ ರೈತರು ಜೋಳದ ತೆನೆಯನ್ನೂ ಹುರುಳಿಯ ಹೊಟ್ಟನ್ನೂ ಡಾಂಬರು ರಸ್ತೆಯ ಮೇಲೆಯೇ ಹಾಸುತ್ತಾರೆ. ಕುರಿಯ ಹಿಂಡು, ಚಕ್ಕಡಿ, ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರು ಇವೆಲ್ಲವೂ ನಮ್ಮ ದಾರಿಯ ನಿತ್ಯದ ಸಂಗಾತಿಗಳು. ಇಂಥ ದಾರಿಯಲ್ಲಿ ಬ್ರೇಕಿನ ಮೇಲೆ ಬೀಳುವ ಭಾರ ಪಟ್ಟಣದವರು ಎಣಿಸಿದ್ದಕ್ಕಿಂತ ಹೆಚ್ಚು. ಧೂಳು ಮತ್ತು ಕೆಸರು ಸೇರಿ ಸಾಣೆಯ ಕಲ್ಲಿನಂತೆ ಕೆಲಸ ಮಾಡುತ್ತವೆ.

ಬ್ರೇಕಿನ ರಚನೆ ತಿಳಿಯಲು ಕಷ್ಟವಾದುದೇನಲ್ಲ. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಎರಡು ಗಾಲಿಗಳಿಗೆ ಡಿಸ್ಕ್ ಬ್ರೇಕು, ಹಿಂದಿನ ಎರಡಕ್ಕೆ ಡ್ರಮ್ ಬ್ರೇಕು ಇರುತ್ತದೆ. ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕು. ಅದನ್ನು ಇಕ್ಕುಳದಂತೆ ಎರಡೂ ಕಡೆಯಿಂದ ಹಿಡಿದುಕೊಂಡಿರುವುದು ಕ್ಯಾಲಿಪರ್. ಆ ಇಕ್ಕುಳದ ಬಾಯಿಯಲ್ಲಿ ಒಳಗೊಂದು, ಹೊರಗೊಂದು ಪ್ಯಾಡು ಇರುತ್ತದೆ. ನಾವು ಪೆಡಲನ್ನು ಒತ್ತಿದಾಗ ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ, ಎರಡು ಪ್ಯಾಡುಗಳ ನಡುವೆ ಡಿಸ್ಕು ಸಿಕ್ಕು ನಿಲ್ಲುತ್ತದೆ. ವಾಹನದ ಓಟದ ಶಕ್ತಿಯೆಲ್ಲ ಅಲ್ಲಿ ಶಾಖವಾಗಿ ಮಾರ್ಪಡುತ್ತದೆ. ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಗಾಲಿಗಳದೇ. ಆದ್ದರಿಂದ ಮುಂದಿನ ಪ್ಯಾಡುಗಳೇ ಮೊದಲು ಸವೆಯುತ್ತವೆ. ಸವೆಯುವುದು ಅವುಗಳ ಧರ್ಮ. ತಾವು ಸವೆದು ನಮ್ಮನ್ನು ಉಳಿಸಲೆಂದೇ ಅವನ್ನು ಮಾಡಿರುತ್ತಾರೆ.

ಈ ವಸ್ತುವಿನ ಇತಿಹಾಸದಲ್ಲಿ ನಮ್ಮ ತಾಯಂದಿರು ಮೆಚ್ಚುವ ಸಂಗತಿಯೊಂದಿದೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಗೃಹಿಣಿ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಗಾಲಿಯ ಮೋಟಾರು ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಪತಿಗೆ ಮುಂಚಿತವಾಗಿ ತಿಳಿಸದೆ, ಮ್ಯಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್ ಎಂಬ ತನ್ನ ತವರೂರಿಗೆ ಹೊರಟಳು. ಸುಮಾರು 100 ಕಿಲೋಮೀಟರಿನ ಆ ಪ್ರಯಾಣವೇ ಮೋಟಾರು ವಾಹನದ ಮೊದಲ ದೂರದ ಪ್ರಯಾಣವೆಂದು ಪ್ರಸಿದ್ಧವಾಗಿದೆ. ಇಳಿಜಾರುಗಳಲ್ಲಿ ಬಂಡಿಯ ಕಟ್ಟಿಗೆಯ ಬ್ರೇಕು ಸವೆದುಹೋದಾಗ ಆಕೆ ದಾರಿಯ ಹಳ್ಳಿಯೊಂದರಲ್ಲಿ ಚರ್ಮದ ಕೆಲಸ ಮಾಡುವವನನ್ನು ಕಂಡು, ಅದಕ್ಕೆ ಚಕ್ಕಳದ ಪಟ್ಟಿ ಹೊಡೆಸಿಕೊಂಡು ಮುಂದೆ ಸಾಗಿದಳು. ಇಂದು ನಾವು ಬದಲಿಸುವ ಬ್ರೇಕಿನ ಹೊದಿಕೆಗೆ ಅದೇ ಮೂಲವೆಂದು ಹೇಳುತ್ತಾರೆ. ತವರಿಗೆ ಹೊರಟ ತಾಯಿಯ ಜಾಣ್ಮೆ, ಕಾಯಕಜೀವಿಯೊಬ್ಬನ ಕೈಗುಣ ಇವೆರಡೂ ಸೇರಿ ಜಗತ್ತಿನ ವಾಹನಗಳಿಗೆಲ್ಲ ಒಂದು ರಕ್ಷೆಯನ್ನು ಒದಗಿಸಿದವು.

ನಮ್ಮ ಮನೆಯಲ್ಲಿಯೂ ಈ ವಿಚಾರ ಮುನ್ನೆಲೆಗೆ ಬಂದುದು ತವರಿನ ಕಾರಣದಿಂದಲೇ. ಎರಡು ವರ್ಷಗಳ ಕೆಳಗಿನ ಮಾತು. ಹಿರಿಯ ಮಗಳು ಕಾರವಾರದಲ್ಲಿದ್ದಳು. ಅಳಿಯಂದಿರ ನೌಕರಿ ಅಲ್ಲಿ. ಚೊಚ್ಚಲ ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಸೋಮವಾರ ಕುಬಸವೆಂದು ನಿಶ್ಚಯವಾಗಿತ್ತು. ಶುಕ್ರವಾರವೇ ಹೊರಟು ಎರಡು ದಿನ ಅಲ್ಲಿದ್ದು, ಮಂಗಳವಾರ ಮಗಳನ್ನು ಕರೆದುಕೊಂಡು ಬರುವುದೆಂದು ಬೀಗರಿಗೆ ಮಾತು ಕೊಟ್ಟಿದ್ದೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಅರಬೈಲು ಘಟ್ಟವನ್ನು ಇಳಿಯಬೇಕು. ಸರಕು ಲಾರಿಗಳು ಸಾಲುಗಟ್ಟಿ ಸಾಗುವ, ತಿರುವುಗಳಿಂದ ಕೂಡಿದ ಇಳಿಜಾರು ಅದು. ಬಯಲುಸೀಮೆಯ ನಮ್ಮಂಥವರಿಗೆ ಅದು ಪರೀಕ್ಷೆಯ ದಾರಿಯೇ ಸರಿ.

ಬುಧವಾರ ಬಾನೆಟ್ಟು ತೆರೆದು ನೀರು, ಎಣ್ಣೆ ನೋಡುತ್ತಿದ್ದಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟವು ಕೆಳಗಿನ ಗೆರೆಯ ಹತ್ತಿರ ಇಳಿದಿರುವುದು ಕಂಡಿತು. ಸೋರಿಕೆಯ ಗುರುತು ಎಲ್ಲಿಯೂ ಇರಲಿಲ್ಲ. ನಮ್ಮ ಅಣ್ಣನವರು, "ಕಡಿಮಿ ಆಗಿದ್ರ ಒಂದಿಷ್ಟು ಹಾಕಿದ್ರಾತು, ಅದಕ್ಯಾಕ ಇಷ್ಟು ಚಿಂತಿ?" ಎಂದರು. ಗಜೇಂದ್ರಗಡದಲ್ಲಿ ನಮ್ಮ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ತರುಣ ಮಾತ್ರ ಒಪ್ಪಲಿಲ್ಲ. "ಕಾಕಾರ, ಎಣ್ಣಿ ಹಾಕಬ್ಯಾಡ್ರಿ. ಎಣ್ಣಿ ಎಲ್ಲೂ ಹೋಗಿಲ್ಲ, ಪ್ಯಾಡ್ ಸವದಾವು. ಮೊದ್ಲು ಗಾಲಿ ಬಿಚ್ಚಿ ನೋಡೂಣು" ಎಂದ. ಅವನ ಮಾತಿನಲ್ಲಿ ತಥ್ಯವಿತ್ತು. ಪ್ಯಾಡು ತೆಳುವಾದಷ್ಟೂ ಪಿಸ್ಟನ್ ಹೊರಗೆ ಚಾಚುತ್ತದೆ. ಅದರ ಹಿಂದೆ ತೆರವಾದ ಜಾಗವನ್ನು ತುಂಬಲು ಡಬ್ಬಿಯ ಎಣ್ಣೆ ಕೆಳಗಿಳಿಯುತ್ತದೆ. ಹೀಗೆ ಇಳಿದ ಎಣ್ಣೆಯ ಮಟ್ಟ ಸವೆತದ ಒಂದು ಸೂಚನೆ. ಅದನ್ನು ಮೇಲಿಂದ ತುಂಬಿಸಿ ಮುಚ್ಚಿದರೆ ಸೂಚನೆಯೇ ಅಳಿಸಿಹೋಗುತ್ತದೆ. ಹೊಸ ಪ್ಯಾಡು ಹಾಕುವಾಗ ಎಣ್ಣೆ ಉಕ್ಕಿ ಹೊರಚೆಲ್ಲಿ ಕಾರಿನ ಬಣ್ಣವನ್ನೂ ತಿನ್ನುತ್ತದೆ.

ಗಾಲಿ ಬಿಚ್ಚಿದಾಗ ಬಲಗಡೆಯ ಹೊರ ಪ್ಯಾಡು 5 ಮಿಲಿಮೀಟರಿಗಿಂತ ಹೆಚ್ಚೇ ದಪ್ಪವಿತ್ತು. ಅಣ್ಣನವರು ಸಮಾಧಾನದಿಂದ ಉಸಿರುಬಿಟ್ಟರು. ಆದರೆ ತರುಣ ಕ್ಯಾಲಿಪರನ್ನು ಮೇಲಕ್ಕೆತ್ತಿ ಒಳಗಿನದನ್ನು ತೋರಿಸಿದ. ಅದರಲ್ಲಿ ಉಳಿದಿದ್ದುದು 2 ಮಿಲಿಮೀಟರು ಮಾತ್ರ. "ಹೊರಗಿಂದು ನೋಡಿ ಮೋಸ ಹೋಗಬಾರ್ದ್ರಿ ಕಾಕಾರ, ಒಳಗಿಂದು ಮುಗದೈತಿ" ಎಂದ. ಕ್ಯಾಲಿಪರ್ ಅತ್ತಿತ್ತ ಜಾರಲು ಆಧಾರವಾದ ಪಿನ್ನು ಧೂಳು, ನೀರು ಸೇರಿ ಬಿಗಿದುಕೊಂಡಿತ್ತು. ಹೀಗಾದಾಗ ಪಿಸ್ಟನ್ನಿನ ಬದಿಯ ಪ್ಯಾಡೊಂದೇ ಭಾರವನ್ನೆಲ್ಲ ಹೊತ್ತು ಬೇಗ ಸವೆಯುತ್ತದೆ. ಗಾಲಿಯ ಕಿಂಡಿಯಿಂದ ಇಣುಕಿದರೆ ಕಾಣುವುದು ಹೊರ ಪ್ಯಾಡು ಮಾತ್ರವೆಂಬುದನ್ನು ಓದುಗರು ನೆನಪಿನಲ್ಲಿ ಇಡಬೇಕು.

ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು ಇರುತ್ತದೆ. ಅದು 3 ಮಿಲಿಮೀಟರಿಗೆ ಬಂದಾಗ ಬದಲಿಸುವುದು ಲೇಸೆಂದು ಬಲ್ಲವರ ಅಭಿಪ್ರಾಯ. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಸುಮಾರು ಅಷ್ಟೇ ದಪ್ಪ. ಹಿಂಬದಿಯ ಕಬ್ಬಿಣದ ತಗಡನ್ನು ಈ ಲೆಕ್ಕದಲ್ಲಿ ಸೇರಿಸಬಾರದು. 30,000 ಕಿಲೋಮೀಟರಿಗೆ ಬದಲಿಸಬೇಕು, 50,000ಕ್ಕೆ ಬದಲಿಸಬೇಕು ಎಂಬ ಮಾತುಗಳು ಅಂದಾಜಿಗಷ್ಟೇ. ಘಟ್ಟದಲ್ಲಿ ಓಡುವ ಕಾರಿನದು ಬೇಗ ಸವೆಯುತ್ತದೆ, ಬಯಲಿನ ನೇರ ರಸ್ತೆಯದು ಹೆಚ್ಚು ಬಾಳುತ್ತದೆ. ನಡೆಸುವವನ ಕಾಲಿನ ಗುಣವೂ ಅದರಲ್ಲಿ ಸೇರಿದೆ. ಆದ್ದರಿಂದ 10,000 ಕಿಲೋಮೀಟರಿಗೊಮ್ಮೆ ಗಾಲಿ ಬಿಚ್ಚಿ ಕಣ್ಣಾರೆ ನೋಡುವುದೇ ಸರಿಯಾದ ಮಾರ್ಗ.

ಅಂದು ಸಂಜೆ ಮನೆಯಲ್ಲಿ ಚರ್ಚೆಯಾಯಿತು. "ಇಷ್ಟು ದಿನ ನಡದೈತಿ, ಇನ್ನೊಂದು ಸಲ ಹೋಗಿ ಬಂದು ಬದಲಿ ಮಾಡೂಣು. ಬೀಗರಿಗೆ ಮಾತು ಕೊಟ್ಟೇವಿ" ಎಂಬುದು ಅಣ್ಣನವರ ವಾದ. ಅವರ ಮಾತನ್ನು ಹಗುರವಾಗಿ ಕಾಣುವಂತಿರಲಿಲ್ಲ. ಕೊಟ್ಟ ಮಾತಿಗೆ ನಮ್ಮ ಮನೆತನಗಳಲ್ಲಿ ಬೆಲೆಯಿದೆ. ನಮ್ಮ ಮನೆಯವರು ಮಾತ್ರ ಒಂದೇ ಮಾತು ಹೇಳಿದರು: "ಬರುವಾಗ ಗಾಡ್ಯಾಗ ಇಬ್ಬರು ಹೆಚ್ಚಿಗಿ ಇರ್ತಾರ, ಹುಟ್ಟಿದವಳು ಒಬ್ಬಾಕಿ, ಹುಟ್ಟಬೇಕಾದ್ದು ಒಂದು." ಆ ಮಾತಿನ ಮೇಲೆ ಯಾರೂ ಮಾತನಾಡಲಿಲ್ಲ. ಪ್ಯಾಡು ಬದಲಾಗದೆ ಕಾರು ಊರ ಗಡಿ ದಾಟಬಾರದೆಂದು ತೀರ್ಮಾನಿಸಿದೆವು. ಬೀಗರಿಗೆ ಫೋನು ಮಾಡಿ ಭಾನುವಾರ ಬರುವುದಾಗಿ ತಿಳಿಸಿದಾಗ ಬೀಗತಿಯವರು, "ಲಗೂ ಬರೂದಕ್ಕಿಂತ ನೆಟ್ಟಗ ಬರೂದು ಚಲೋರಿ ಅಕ್ಕಾರ" ಎಂದು ನಮ್ಮ ಮನೆಯವರಿಗೆ ಹೇಳಿದರು. ನಾವು ಸಂಕೋಚಪಟ್ಟುಕೊಂಡಿದ್ದ ಸಂಗತಿ ಅವರಿಗೆ ಸಹಜವಾಗಿಯೇ ಕಂಡಿತ್ತು.

ನಮ್ಮ ಮಾದರಿಯ ಪ್ಯಾಡು ಗಜೇಂದ್ರಗಡದಲ್ಲಿ ಆ ದಿನ ದೊರೆಯಲಿಲ್ಲ. ದೂರದ ಪಟ್ಟಣದ ಬಿಡಿಭಾಗದ ಅಂಗಡಿಯೊಂದಕ್ಕೆ ಫೋನಿನಲ್ಲಿ ಹೇಳಿ, ಹಣ ಸಂದಾಯ ಮಾಡಿ ಬಸ್ಸಿನಲ್ಲಿ ತರಿಸಿದೆವು. ಪೆಟ್ಟಿಗೆಯ ಮೇಲೆ ಹೆಸರಾಂತ ಕಂಪನಿಯ ಮುದ್ರೆಯಿತ್ತು. ತರುಣ ಅದನ್ನು ತೆರೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ ತಲೆಯಾಡಿಸಿದ. ಮುದ್ರಣದ ಅಕ್ಷರಗಳು ಮಸುಕಾಗಿದ್ದವು, ತಯಾರಿಕೆಯ ತಂಡದ ಸಂಖ್ಯೆ ಇರಲಿಲ್ಲ, ಹಳೆಯ ಪ್ಯಾಡಿನಲ್ಲಿದ್ದ ಸವೆತ ಸೂಚಿಸುವ ತಗಡಿನ ನಾಲಗೆ ಇದರಲ್ಲಿ ಇರಲಿಲ್ಲ, ಹಿಂದಿನ ಕಬ್ಬಿಣದ ತಗಡು ಅದರ ಮನೆಯಲ್ಲಿ ಸಡಿಲವಾಗಿ ಅಲುಗಾಡುತ್ತಿತ್ತು. ಅದು ನಕಲಿ ಮಾಲು. ಅಂಗಡಿಯವರು ಮರಳಿ ಪಡೆಯಲು ಒಪ್ಪಲಿಲ್ಲ. ಹಣ ಹೋದುದಕ್ಕಿಂತ, ಜೀವ ಕಾಯುವ ವಸ್ತುವಿನಲ್ಲಿಯೂ ಕಲಬೆರಕೆ ಮಾಡುವ ಮನಸ್ಸು ಮನುಷ್ಯನಿಗೆ ಬಂದಿತಲ್ಲ ಎಂಬುದು ನಮಗೆ ಹೆಚ್ಚು ನೋವು ತಂದಿತು. ಮರುದಿನ ಹುಬ್ಬಳ್ಳಿಯಲ್ಲಿರುವ ತಂಗಿಯ ಮಗನಿಗೆ ಹೇಳಿ, ಕಾರು ತಯಾರಕರ ಅಧಿಕೃತ ಮಳಿಗೆಯಿಂದ ರಸೀದಿ ಸಹಿತ ಅಸಲಿ ಪ್ಯಾಡು ತರಿಸಿಕೊಂಡೆವು. ಬಿಡಿಭಾಗ ಕೊಳ್ಳುವಾಗ ರಸೀದಿ ಕೇಳುವುದು ಅನುಮಾನದ ಲಕ್ಷಣವಲ್ಲ, ವಿವೇಕದ ಲಕ್ಷಣ.

ಶುಕ್ರವಾರ ಸಂಜೆ ಕೆಲಸ ನಡೆಯಿತು. ನಾವು ಮಗ್ಗುಲಲ್ಲಿ ನಿಂತು ನೋಡಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ. ಕಾರನ್ನು ಸಮನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಗಾಲಿ ನೆಲದ ಮೇಲಿರುವಾಗಲೇ ಅದರ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕು ಏರಿಸಿದ. ಜಾಕೊಂದನ್ನೇ ನಂಬದೆ ಕೆಳಗೆ ಗಟ್ಟಿಯಾದ ಸ್ಟ್ಯಾಂಡು ಇಟ್ಟ. ಗಾಲಿ ತೆಗೆದು, ಕ್ಯಾಲಿಪರಿನ ಕೆಳಗಿನ ಬೋಲ್ಟನ್ನು ಪಾನಾದಿಂದ ಬಿಚ್ಚಿ ಅದನ್ನು ಮೇಲಕ್ಕೆ ತಿರುವಿ ತಂತಿಯಿಂದ ಕಟ್ಟಿದ. ಎಣ್ಣೆಯ ರಬ್ಬರು ಕೊಳವೆಯ ಮೇಲೆ ಅದರ ಭಾರ ಬೀಳಕೂಡದು. ಹಳೆಯ ಪ್ಯಾಡು ತೆಗೆದು ಜಾಗವನ್ನು ಒರೆಸಿ ಸ್ವಚ್ಛ ಮಾಡಿದ. ಅಲ್ಲಿಯ ಕರಿಯ ಪುಡಿಯನ್ನು ಬಾಯಿಂದಾಗಲಿ ಗಾಳಿ ಹೊಡೆದಾಗಲಿ ಊದಬಾರದು. ಹಿಂದಿನ ಕಾಲದ ಪ್ಯಾಡುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು, ಅದು ಶ್ವಾಸಕೋಶಕ್ಕೆ ಘಾತಕ. ಇಂದಿನ ಪುಡಿಯೂ ಉಸಿರಾಡಲು ಯೋಗ್ಯವಾದುದಲ್ಲ.

ಬಳಿಕ ಡಿಸ್ಕನ್ನು ಪರೀಕ್ಷಿಸಿದ. ಡಿಸ್ಕು ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ನಮ್ಮದು ಆ ಅಳತೆಗಿಂತ ದಪ್ಪವಿದ್ದು, ಆಳವಾದ ಗೀರುಗಳಿಲ್ಲದ್ದರಿಂದ ಬದಲಿಸುವ ಅಗತ್ಯ ಬೀಳಲಿಲ್ಲ. ಬಿಗಿದುಕೊಂಡಿದ್ದ ಪಿನ್ನನ್ನು ಹೊರತೆಗೆದು ತಿಕ್ಕಿ, ಬ್ರೇಕಿಗೆಂದೇ ಇರುವ ಶಾಖ ತಡೆಯುವ ಗ್ರೀಸು ಹಚ್ಚಿದ. ಈ ಕೆಲಸ ಬಿಟ್ಟಿದ್ದರೆ ಹೊಸ ಪ್ಯಾಡಿನ ಗತಿಯೂ ಹಳೆಯದರಂತೆಯೇ ಆಗುತ್ತಿತ್ತು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು, ಪಿಸ್ಟನ್ನನ್ನು ನಿಧಾನವಾಗಿ ಹಿಂದಕ್ಕೆ ಒತ್ತಿದಾಗ ಡಬ್ಬಿಯಲ್ಲಿ ಎಣ್ಣೆ ತಾನಾಗಿ ಮೇಲೇರಿತು. ಅವನ ಬುಧವಾರದ ಮಾತು ಅಣ್ಣನವರ ಕಣ್ಣೆದುರಿಗೇ ಸಾಬೀತಾಯಿತು. ಹೊಸ ಪ್ಯಾಡು ಕೂಡಿಸಿ ಬೋಲ್ಟುಗಳನ್ನು ಬಿಗಿದ. ಪ್ಯಾಡಿನ ಉಜ್ಜುವ ಮುಖಕ್ಕೆ ಎಣ್ಣೆಯ ಕೈ, ಗ್ರೀಸಿನ ಕೈ ತಾಗಿಸಲಿಲ್ಲ.

"ಒಂದು ಸವದಿದ್ದಕ್ಕ ನಾಲ್ಕೂ ಯಾಕ ತಮ್ಮಾ?" ಎಂದು ಅಣ್ಣನವರು ಕೇಳಿದರು. "ಜೋಡೆತ್ತಿನ್ಯಾಗ ಒಂದು ಮುದಿ, ಒಂದು ಹೋರಿ ಕಟ್ಟಿದ್ರ ಚಕ್ಕಡಿ ನೆಟ್ಟಗ ಹೊಕ್ಕೈತೇನ್ರಿ ದೊಡ್ಡಪ್ಪಾರ?" ಎಂದು ಅವನು ನಕ್ಕ. ಒಕ್ಕಲುತನದ ಮನೆಯವರಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿರಲಿಲ್ಲ. ಎಡ ಬಲ ಎರಡೂ ಗಾಲಿಗಳ ಹಿಡಿತ ಸಮನಾಗಿರದಿದ್ದರೆ ಬ್ರೇಕು ಹಾಕಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ.

ಗಾಲಿ ಜೋಡಿಸಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಅದು ಗಟ್ಟಿಯಾಗುವವರೆಗೆ ಕಾಯಬೇಕು. ಹಿಂದಕ್ಕೆ ಸರಿಸಿದ ಪಿಸ್ಟನ್ ಪ್ಯಾಡನ್ನು ಮುಟ್ಟುವವರೆಗೆ ಮೊದಲ ಒತ್ತುಗಳಿಗೆ ಬ್ರೇಕು ಹಿಡಿಯುವುದಿಲ್ಲ. ಇದನ್ನು ಮರೆತು ಗ್ಯಾರೇಜಿನ ಬಾಗಿಲಲ್ಲಿಯೇ ಗೋಡೆಗೆ ಗುದ್ದಿದವರುಂಟು. ಶನಿವಾರ ಬೆಳಿಗ್ಗೆ ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನ ವೇಗದಿಂದ 10ರವರೆಗೆ ಹದವಾಗಿ ಬ್ರೇಕು ಹಾಕಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ಡಿಸ್ಕು ಆರಲು ಬಿಡುವು ಕೊಡುವುದು, ಹೀಗೆ ಹತ್ತು ಸಲ ಮಾಡಿದೆವು. ಹೊಸ ಪ್ಯಾಡು ಹಳೆಯ ಡಿಸ್ಕಿಗೆ ಹೊಂದಿಕೊಳ್ಳಲು ಇದು ಅವಶ್ಯ. ಮೊದಲ 200, 300 ಕಿಲೋಮೀಟರುಗಳಲ್ಲಿ ಅನಗತ್ಯವಾಗಿ ಜೋರಾಗಿ ಬ್ರೇಕು ಹಾಕದಿರುವುದು ಉತ್ತಮ.

ಭಾನುವಾರ ನಸುಕಿನಲ್ಲಿ ಹೊರಟೆವು. ಅರಬೈಲಿನ ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿಯೇ ಇಳಿದೆವು. ತಿರುವೊಂದನ್ನು ದಾಟುತ್ತಲೇ ಎದುರಿಗೆ ಕೆಟ್ಟು ನಿಂತ ಲಾರಿ ಕಾಣಿಸಿತು. ಹಿಂದೆ ಕೊಂಬೆ ಮುರಿದು ಇಟ್ಟಿದ್ದರು, ಆದರೆ ಅದು ತಿರುವಿಗೆ ತೀರ ಸಮೀಪವಿತ್ತು. ಕಾರು ಅತ್ತಿತ್ತ ಎಳೆಯದೆ, ನೇರವಾಗಿ, ಕೊಂಬೆಯಿಂದ ಒಂದು ಮಾರು ಹಿಂದೆ ನಿಂತಿತು. ಹಿಂದೆ ಕುಳಿತಿದ್ದ ಅಣ್ಣನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹುಡುಗಗ ಬರುವಾಗ ಏನರ ತಗೊಂಡು ಹೋಗೂಣು" ಎಂದರು. ಕುಬಸ ಸಾಂಗವಾಗಿ ನೆರವೇರಿತು. ಮಂಗಳವಾರ ಮಗಳನ್ನು ಕರೆದುಕೊಂಡು ನಿಧಾನವಾಗಿ ಘಟ್ಟ ಏರಿ ಬಂದೆವು. ಮುಂದೆ ಹೆರಿಗೆ ಸುಸೂತ್ರವಾಗಿ ಆಯಿತು. ಈಗ ಮೊಮ್ಮಗಳು ನಡೆದಾಡುತ್ತಾಳೆ.

ಘಟ್ಟದ ವಿಚಾರ ಬಂದುದರಿಂದ ಒಂದೆರಡು ಮಾತು ಹೇಳಲೇಬೇಕು. ಪೆಟ್ರೋಲು ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರು ತೆಗೆದು ಕಾರನ್ನು ಉರುಳಬಿಡುವ ರೂಢಿ ನಮ್ಮಲ್ಲಿ ಕೆಲವರಿಗಿದೆ. ಇದು ಅಪಾಯಕರ. ಆಗ ಎಂಜಿನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಎಂಜಿನನ್ನೇ ಬಂದು ಮಾಡಿದರಂತೂ ಪೆಡಲಿಗೆ ದೊರೆಯುವ ನೆರವು ನಿಂತು, ಕೆಲವು ಒತ್ತುಗಳ ನಂತರ ಪೆಡಲು ಕಲ್ಲಿನಂತೆ ಬಿಗಿಯುತ್ತದೆ. ಎಡೆಬಿಡದೆ ಬ್ರೇಕು ಒತ್ತುತ್ತ ಇಳಿದರೆ ಪ್ಯಾಡು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ತೇವ ಹೀರಿದ ಹಳೆಯ ಎಣ್ಣೆ ಬೇಗ ಕುದಿದು ಆವಿಯ ಗುಳ್ಳೆಗಳಾಗುತ್ತವೆ, ಪೆಡಲು ಒತ್ತಿದರೆ ಹತ್ತಿಯನ್ನು ಒತ್ತಿದಂತಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು.

ಇನ್ನು ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ಗುರುತಿಸಬಹುದಾದ ಲಕ್ಷಣಗಳಿವೆ. ಬ್ರೇಕು ಹಾಕಿದಾಗಲೆಲ್ಲ ಕೀರಲು ಸದ್ದು ಬಂದರೆ ಸವೆತ ಸೂಚಿಸುವ ನಾಲಗೆ ಡಿಸ್ಕಿಗೆ ತಾಗುತ್ತಿದೆಯೆಂದು ತಿಳಿಯಬೇಕು. ಬೆಳಿಗ್ಗೆ ಇಬ್ಬನಿಗೆ ಹಿಡಿದ ತುಕ್ಕಿನಿಂದ ಒಂದೆರಡು ಸಲ ಸದ್ದಾಗಿ ನಿಂತುಹೋದರೆ ಅದು ದೋಷವಲ್ಲ. ಕರಕರ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು ಬಂದರೆ ಅಂದೇ ಕಾರು ನಿಲ್ಲಿಸಬೇಕು. ಆಗ ಪ್ಯಾಡಿನ ಜೊತೆಗೆ ಡಿಸ್ಕೂ ಹಾಳಾಗಿ ಖರ್ಚು ಹಲವು ಪಟ್ಟು ಏರುತ್ತದೆ. ಪೆಡಲು ನಡುಗುವುದು, ಕಾರು ಒಂದು ಕಡೆಗೆ ವಾಲುವುದು, ಬ್ರೇಕಿನ ಕೆಂಪು ದೀಪ ಉರಿಯುವುದು ಇವೂ ಅಲಕ್ಷಿಸಬಾರದ ಸೂಚನೆಗಳು. ನಮ್ಮ ಕಾರಿನಲ್ಲಿ ಇವುಗಳಲ್ಲಿ ಒಂದೂ ಕಾಣಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು. ಸದ್ದಿಲ್ಲವೆಂದ ಮಾತ್ರಕ್ಕೆ ಸವೆತವಿಲ್ಲವೆಂದಲ್ಲ.

ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಎಷ್ಟೇ ಹೊಸ ಪ್ಯಾಡು ಹಾಕಿದರೂ ಈ ಲೆಕ್ಕ ಬದಲಾಗದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಿಗೆ ಗಾಲಿ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಗಿದೆ. ಅದು ಸ್ವಾಗತಾರ್ಹವೇ. ಆದರೆ ಸವೆದ ಪ್ಯಾಡಿಗೆ ಯಾವ ಯಂತ್ರವೂ ಬದಲಿಯಲ್ಲ.

ಪ್ಯಾಡಿನ ಖರ್ಚನ್ನು ನಾವು ನಮ್ಮ ಸುರಕ್ಷತೆಯ ಖರ್ಚೆಂದು ಮಾತ್ರ ಬಗೆಯುತ್ತೇವೆ. ರಸ್ತೆಯ ಬದಿಯಲ್ಲಿ ರಾಶಿ ತೂರುವ ತಾಯಿ, ಕುರಿಯ ಹಿಂದೆ ನಡೆಯುವ ಹುಡುಗ, ಶಾಲೆ ಬಿಟ್ಟು ಓಡಿಬರುವ ಕೂಸು ಇವರಾರೂ ನಮ್ಮ ಕಾರಿನಲ್ಲಿ ಕುಳಿತವರಲ್ಲ. ಆದರೂ ಇವರ ಜೀವ ನಮ್ಮ ಗಾಲಿಯ ಒಳಗಿನ ಆ ಮೂರು ಮಿಲಿಮೀಟರಿನ ಮೇಲೆ ನಿಂತಿದೆ. ಅವರು ಅದನ್ನು ಬಿಚ್ಚಿ ನೋಡಲಾರರು, ನೋಡಬೇಕಾದವರು ನಾವು. ಜಾತ್ರೆಗೆ, ಮದುವೆಗೆ, ತವರಿಗೆ ಹೊರಡುವ ಮುನ್ನ ಬುತ್ತಿ ಕಟ್ಟುವಷ್ಟೇ ಶ್ರದ್ಧೆಯಿಂದ ಆ ನಾಲ್ಕು ಪ್ಯಾಡುಗಳನ್ನು ಒಮ್ಮೆ ನೋಡಿಸಿರಿ. ಅರ್ಧ ತಾಸಿನ ಕೆಲಸವದು.